ಬೆಂಕಿಗೆ ಹಾಕಿದ ಹಲಗೆ

ಭಾನುವಾರ ಚರ್ಚು ಮುಗಿಸಿ ಆರ್ಲೀನ್ ಟ್ವೈಟ್ ನೇರವಾಗಿ ಆಲ್ಡರ್ ನದಿಯ ದಡಕ್ಕೆ ಬಂದಳು. ಗಂಡ ಓರ್ವಿಲ್ ಮುಳುಗಿ ಸತ್ತ, ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಕಡೆ ಮುಖ ಮಾಡಿ ಒಂದು ಕೀರ್ತನೆ ಹೇಳಿ ಹೋಗುವುದು ಅವಳ ರೂಢಿ.

ಅಂದು ಕೀರ್ತನೆ ಬಾಯಿಗೆ ಬರಲಿಲ್ಲ. ಓರ್ವಿಲ್ ಸತ್ತ ಮೇಲೆ ಊರವರು ನೆಟ್ಟಿದ್ದ ಎಚ್ಚರಿಕೆಯ ಹಲಗೆ ಅಲ್ಲಿರಲಿಲ್ಲ. ಪಕ್ಕದಲ್ಲಿ ಖಾಲಿ ಬಿಯರ್ ಡಬ್ಬಿಗಳು, ತಣ್ಣಗಾದ ಬೂದಿ, ಬೂದಿಯಲ್ಲಿ ಅರೆಸುಟ್ಟ ಮರದ ತುಂಡು. ‘ಮುಂದೆ ಒಡ್ಡು, ಇಲ್ಲೇ ದಡಕ್ಕೆ ಬನ್ನಿ’ ಎಂಬ ಬರಹದಲ್ಲಿ ‘ಬನ್ನಿ’ ಮಾತ್ರ ಉಳಿದಿತ್ತು.

ಗೆಳೆಯರೊಡನೆ ರಾತ್ರಿ ಅಲ್ಲೇ ತಂಗಿದ್ದ ಮಗ ಲೋರೆನ್, ಅವರನ್ನು ಕಳಿಸಿ ಗುಡಾರ ಮಡಚುತ್ತಿದ್ದ.

“ಯಾರ ಕೆಲಸ ಇದು?”

“ಮಳೆಗೆ ಸೌದೆಯೆಲ್ಲ ನೆಂದಿತ್ತಮ್ಮ. ಇದಕ್ಕೆ ಬಣ್ಣ ಬಳಿದಿತ್ತಲ್ಲ, ಬೇಗ ಹತ್ಕೊಳ್ತು.”

“ನಿಮ್ಮಪ್ಪ ಸತ್ತ ಜಾಗದ ಹಲಗೆ ಸುಟ್ಟು ಸಾಸೇಜ್ ಬೇಯಿಸ್ಕೊಂಡ್ಯಾ? ರುಚಿಯಾಗಿತ್ತಾ?”

“ಒಂದು ಹಲಗೆಗೆ ಇಷ್ಟು ರಾದ್ಧಾಂತನಾ? ಈ ನದಿ ನಂಗೆ ಅಂಗೈ ಇದ್ದ ಹಾಗೆ.”

“ನಿಮ್ಮಪ್ಪನೂ ಹೀಗೇ ಅಂತಿದ್ರು.”

ಮಾತು ಕೇಳಿ, ದಡದ ಪಕ್ಕದ ಮನೆಯಿಂದ ಗ್ಲೋರಿಯಾ ಬಂದಳು. ನದಿಯ ಸಾರ್ವಜನಿಕ ದೋಣಿದಾರಿಯನ್ನು ನೋಡಿಕೊಳ್ಳುವ ಊರವರಲ್ಲಿ ಅವಳೂ ಒಬ್ಬಳು. ಬೂದಿ ನೋಡಿ ಅವಳ ಮುಖ ಬಿಗಿಯಿತು.

“ಲೋರೆನ್, ಕಯಾಕ್ ದೋಣೀಲಿ ಕೂತ ಹಾಗೆ ಇಲ್ಲಿ ಕೂರು. ಒಡ್ಡು ಕಾಣುತ್ತಾ?”

ಲೋರೆನ್ ಕುಕ್ಕರಗಾಲಲ್ಲಿ ಕೂತು ನೋಡಿದ. ದೂರದ ಸೇತುವೆಯವರೆಗೂ ನೀರು ಕನ್ನಡಿಯಂತೆ ಹರಡಿತ್ತು. “ಇಲ್ಲ.”

“ನದಿ ಮೇಲ್ಗಡೆಯಿಂದ ದೋಣೀಲಿ ಬರೋರಿಗೂ ಕಾಣಲ್ಲ. ನೀರು ಬೀಳೋ ಎತ್ತರ ಕಮ್ಮಿನೇ. ಆದರೆ ಬಿದ್ದ ನೀರು ಹಿಂದಕ್ಕೆ ತಿರುಗಿ ಒಡ್ಡಿನ ಬುಡಕ್ಕೇ ಎಳೆಯುತ್ತೆ. ಲೈಫ್ ಜಾಕೆಟ್ ಹಾಕ್ಕೊಂಡೋರೂ ಸಿಕ್ಕಿಬೀಳ್ತಾರೆ. ಅದಕ್ಕೇ ಇಲ್ಲಿ ಇಳಿದು, ದೋಣಿ ಹೊತ್ಕೊಂಡು ನಡೆದು, ಒಡ್ಡು ದಾಟಿದ ಮೇಲೆ ಮತ್ತೆ ನೀರಿಗಿಳಿಯೋದು.”

“ಗೊತ್ತಿಲ್ಲದೋರು ಕೇಳ್ಕೊಂಡು ಬರ್ಲಿ,” ಎಂದ ಲೋರೆನ್. ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ.

ಅಷ್ಟರಲ್ಲಿ ತಿರುವಿನಿಂದ ನಗು ಕೇಳಿಸಿತು. ಎರಡು ಕಯಾಕುಗಳು. ಒಂದರಲ್ಲಿ ತಾಯಿಯ ಮುಂದೆ ಪುಟ್ಟ ಮಗು. ಇನ್ನೊಂದರಲ್ಲಿದ್ದ ಗಂಡಸಿನ ಮಾತು ನೀರಿನ ಮೇಲೆ ತೇಲಿ ಬಂತು. “ನಕ್ಷೇಲಿ ತೋರಿಸಿದ ಎಚ್ಚರಿಕೆ ಹಲಗೆ ಇನ್ನೂ ಬಂದಿಲ್ಲ. ಆರಾಮಾಗಿ ಹೋಗೋಣ.”

ಲೋರೆನ್ ಬೂಟು ಸಮೇತ ನೀರಿಗೆ ಹಾರಿದ. “ದಡಕ್ಕೆ ಬನ್ನಿ! ಮುಂದೆ ಒಡ್ಡಿದೆ!” ಎಂದು ಕೂಗುತ್ತಾ ಹೋಗಿ, ಮಗುವಿದ್ದ ಕಯಾಕಿನ ಮೂತಿ ಹಿಡಿದು ಎಳೆದ. ಗಂಡಸೂ ಹಿಂದೆಯೇ ದಡ ಸೇರಿದ.

“ಇಲ್ಲೊಂದು ಹಲಗೆ ಇರಬೇಕಿತ್ತಲ್ವಾ?” ಎಂದಳು ತಾಯಿ, ಮಗುವನ್ನು ಇಳಿಸುತ್ತಾ.

ಲೋರೆನ್ ಅವರ ದೋಣಿಗಳನ್ನು ಒಂದೊಂದಾಗಿ ಹೆಗಲಿಗೇರಿಸಿ, ಒಡ್ಡಿನ ಆಚೆಗೆ ಹೊತ್ತುಕೊಟ್ಟು ಬಂದ. ಗ್ಲೋರಿಯಾ ಹೊಸ ಹಲಗೆ ತರಲು ಹೋದಳು. ಅವಳು ಬರುವವರೆಗೂ ಅವನು ಮೊಣಕಾಲುದ್ದ ನೀರಿನಲ್ಲಿ, ತಿರುವಿನ ಕಡೆಗೇ ಕಣ್ಣಿಟ್ಟು ನಿಂತ.

“ನಡುಗ್ತಿದೀಯ. ಮೇಲೆ ಬಾ,” ಎಂದಳು ಆರ್ಲೀನ್.

“ನಾನು ಬಂದ್ರೆ ಇಲ್ಲಿ ಹೇಳೋಕೆ ಯಾರಿದ್ದಾರಮ್ಮ?”

ಆರ್ಲೀನ್ ಅಲ್ಲೇ ಕೂತು, ಬೆಳಿಗ್ಗೆ ಬಾಯಿಗೆ ಬಾರದ ಕೀರ್ತನೆಯನ್ನು ಹೇಳತೊಡಗಿದಳು.

ಓದುವವರೇ, ನದಿ ಎಲ್ಲರದು ಎನ್ನುತ್ತೀರಿ. ಹಾಗಾದರೆ ದಡದ ಹಲಗೆಯೂ ಎಲ್ಲರದು. ಅದನ್ನು ಕೀಳಬೇಡಿ. ಬಿದ್ದಿದ್ದು ಕಂಡರೆ ನದಿ ನೋಡಿಕೊಳ್ಳುವವರಿಗೆ ಅಂದೇ ತಿಳಿಸಿ. ತಂದ ಡಬ್ಬಿಗಳನ್ನು ನೀವೇ ಒಯ್ಯಿರಿ. ಲೈಫ್ ಜಾಕೆಟ್ ತೊಟ್ಟು, ಒಡ್ಡಿಗೆ ಮುಂಚೆಯೇ ದಡ ಸೇರಿರಿ. ನಿಮ್ಮ ಹಿಂದೆ ಇನ್ನೊಂದು ದೋಣಿ ಬರುತ್ತಿದೆ. ಅದರಲ್ಲೊಂದು ಮಗು ಕೂತಿದೆ.