ಕಾಲು ತೊಳೆಯುವ ನೀರು

"ಏಯ್ ಮುಂಡೇದೆ! ಬಿಡು ಆ ನಲ್ಲಿ! ಕೊಚ್ಚೆ ಕೈಲಿ ಅದನ್ನ ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕೋಬೇಕು ನಿಂಗೆ?"

ಇಂಜಿನಿಯರ್ ತನ್ನ ಆಫೀಸಿನ ಬಾಗಿಲಲ್ಲೇ ನಿಂತು ಕೂಗಿದ. ಹೊಸ ಬೂಟು ಕಚ್ಚಿ ಅವನ ಹಿಮ್ಮಡಿ ಸುಲಿದಿತ್ತು. ಅದಕ್ಕೊಂದು ಪಟ್ಟಿ ಅಂಟಿಸಿಕೊಂಡು ಚಪ್ಪಲಿಯಲ್ಲಿ ಓಡಾಡುತ್ತಿದ್ದ.

"ಆಸ್ಪತ್ರೆಗೆ ಹೋಗ್ಬೇಕು ಸಾರ್. ನನ್ ಗಂಡ ಅಲ್ಲಿದಾನೆ. ಕೈ ತೊಳ್ಕೋತಿದ್ದೆ."

"ನಿಮ್ಮಂಥೋರಿಗೆ ಅಂತಾನೇ ಕೊನೇ ತೊಟ್ಟಿ ಇದೆಯಲ್ಲ, ಹೋಗು. ಶುದ್ಧವಾದ ನೀರು. ಬೋರ್ಡಲ್ಲಿ ಓದು."

ಊರಿನ ಕಕ್ಕಸು, ಬಚ್ಚಲು, ದೊಡ್ಡಾಸ್ಪತ್ರೆಯ ಚರಂಡಿ, ಎಲ್ಲವೂ ಹರಿದು ಬರುವುದು ನಮ್ಮ ಶುದ್ಧೀಕರಣ ಘಟಕಕ್ಕೆ. ನಾನು, ನನ್ನ ಗಂಡ ಸೇರಿ ಹನ್ನೊಂದು ಜನ ಜಾಲರಿಗೆ ಸಿಕ್ಕ ಕಸ ಕೀಳುತ್ತೇವೆ, ಕೆಸರು ಎಳೆಯುತ್ತೇವೆ. ಐದು ತೊಟ್ಟಿ ಸುತ್ತಿ ಕೊನೆಯದಕ್ಕೆ ಬರುವಷ್ಟರಲ್ಲಿ ನೀರು ಕಣ್ಣಿಗೆ ತಿಳಿಯಾಗಿ ಕಾಣುತ್ತದೆ. ಅಲ್ಲಿಂದ ಪಾರ್ಕಿಗೆ, ತರಕಾರಿ ತೋಟಗಳಿಗೆ. ಅದಕ್ಕೂ ಮೊದಲು ನಮ್ಮ ಮೈಕೈಗೆ.

ತಿಂಗಳಿಗೊಮ್ಮೆ ಬೋರ್ಡಿನ ಮೇಲೆ ಆ ನೀರು ಶುದ್ಧವೆಂಬ ಹೊಸ ವರದಿ ಬೀಳುತ್ತದೆ. ಪರೀಕ್ಷೆಗೆ ಹೋಗುವ ಶೀಶೆ ತುಂಬುವವಳು ನಾನೇ. ಕೊನೆಯ ತೊಟ್ಟಿಯ ನೀರು ತುಂಬಬೇಕು. ಆದರೆ ಮೊದಲ ಸಲವೇ ಇಂಜಿನಿಯರ್ ತನ್ನ ಆಫೀಸಿನ ಕುಡಿಯುವ ನೀರಿನ ನಲ್ಲಿ ತೋರಿಸಿ, "ಇಲ್ಲೇ ಹಿಡಿ, ಅಷ್ಟು ದೂರ ಯಾಕೆ ನಡೀತೀಯ" ಎಂದಿದ್ದ. ಆ ಒಂದು ದಿನ ಮಾತ್ರ ನನ್ನ ಕೈ ಕೊಚ್ಚೆಯಾಗಿರುವುದಿಲ್ಲ. ಆರು ವರ್ಷ ಹಾಗೇ ಹಿಡಿದುಕೊಟ್ಟೆ. ನಾನೇ ತುಂಬಿದ ಸುಳ್ಳು ಮೊಹರು ಹೊತ್ತು ವಾಪಸು ಬಂದಾಗ ನಾನೇ ಅದನ್ನು ನಂಬಿದೆ. ಜಾಲರಿಯ ಕಂಬಿ ಗೀರಿ ಗಂಡನ ಕಾಲಿಗೆ ಗಾಯವಾದಾಗ, ಬೆಳಿಗ್ಗೆ ಸಂಜೆ ಆ ತೊಟ್ಟಿಯ ನೀರಲ್ಲೇ ತೊಳೆದು ಬಟ್ಟೆ ಕಟ್ಟಿದೆ. ಹತ್ತನೇ ದಿನಕ್ಕೆ ಕಾಲು ಊದಿ ಕಪ್ಪಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನೇ ಕಾಯುತ್ತಿದ್ದರು.

"ನಾಲ್ಕು ಥರದ ಔಷಧಿ ಕೊಟ್ಟು ನೋಡಿದ್ವಿ ಕಣಮ್ಮ, ಯಾವುದಕ್ಕೂ ಬಗ್ತಿಲ್ಲ. ನಮ್ಮ ಔಷಧಿ ಜೊತೇಲೇ ಬದುಕಿ ಬಲಿತಿರೋ ಕ್ರಿಮಿ ಇದು. ಗಾಯ ಯಾವ ನೀರಲ್ಲಿ ತೊಳ್ದೆ?"

"ಕೊನೇ ತೊಟ್ಟೀದು. ಶುದ್ಧವಾದ ನೀರು, ಅಮ್ಮಾ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಮ್ಮ ವಾರ್ಡಿನ ನೀರೂ ಅಲ್ಲಿಗೇ ಅಲ್ವೇನಮ್ಮ ಬರೋದು? ಇಂಥ ಕ್ರಿಮಿಗಳು ಅಲ್ಲಿ ಒಟ್ಟು ಸೇರಿ ಇನ್ನೂ ಗಟ್ಟಿ ಆಗ್ತವೆ. ಆ ನೀರನ್ನ ಯಾರೂ ಪರೀಕ್ಷೆ ಮಾಡಲ್ವಾ?"

ಶೀಶೆ ತುಂಬಿದ ಕೈಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡೆ.

"ಕಾಲು ಉಳಿಯುತ್ತಾ ಅಮ್ಮಾ?" ಗಂಡ ಹಾಸಿಗೆಯಿಂದ ಕೇಳಿದ.

"ನಾಳೆ ತೆಗೀಬೇಕಪ್ಪ. ಇಲ್ಲಾಂದ್ರೆ ಜೀವಕ್ಕೇ ಕುತ್ತು ಬರುತ್ತೆ."

ಅವನು ನನ್ನ ಮುಖ ನೋಡಿ ನಗಲು ಹೋದ. "ಬಿಡೇ, ಇನ್ಮೇಲೆ ಒಂದೇ ಚಪ್ಪಲಿ ಸಾಕು." ನನ್ನ ಎರಡೂ ಕೈಗಳನ್ನು ಕತ್ತರಿಸಿ ಎಸೆಯಬೇಕೆನಿಸಿತು. ಗೋಡೆಗೆ ಹಣೆ ಚಚ್ಚಿಕೊಂಡು ಅತ್ತೆ.

ಕಾಲು ತೆಗೆದ ಮೂರನೇ ದಿನ ಶೀಶೆ ತುಂಬುವ ದಿನ. ಪರೀಕ್ಷೆಯ ಅಧಿಕಾರಿ ಬಂದು ಜಗಲಿಯಲ್ಲಿ ಇಂಜಿನಿಯರ್ ಜೊತೆ ಚಹಾ ಕುಡಿಯುತ್ತಿದ್ದ.

"ಬೇಗ ತುಂಬ್ಕೊಂಡು ಬಾರೇ." ಇಂಜಿನಿಯರ್ ಶೀಶೆ ಕೊಟ್ಟ.

ನಾನು ನಲ್ಲಿ ದಾಟಿ ನಡೆದೆ.

"ಏಯ್! ಎಲ್ಲಿಗೆ? ಕಣ್ಣು ಕಾಣ್ಸಲ್ವೇನೇ?"

ಕೊನೆಯ ತೊಟ್ಟಿಗಿಳಿದು ಶೀಶೆ ತುಂಬಿದೆ, ಒಂದು ಬಕೆಟ್ಟನ್ನೂ ತುಂಬಿದೆ. ಜೊತೆಯವರು ಉಳಿದ ಒಂಬತ್ತೂ ಜನ ಕೆಲಸ ಬಿಟ್ಟು ನನ್ನ ಹಿಂದೆಯೇ ಬಂದರು. ಶೀಶೆಯನ್ನು ಅಧಿಕಾರಿಯ ಕೈಗಿತ್ತೆ.

"ಆರು ವರ್ಷದಿಂದ ಈ ನಲ್ಲಿ ನೀರು ಕಳಿಸಿದೀನಿ ಸಾರ್. ಇವತ್ತಿಂದು ಮಾತ್ರ ತೊಟ್ಟೀದು."

ಬಕೆಟ್ಟನ್ನು ಇಂಜಿನಿಯರ್ ಮುಂದೆ ಇಟ್ಟೆ.

"ಹಿಮ್ಮಡಿ ಪಟ್ಟಿ ಬಿಚ್ಚಿ ಸಾರ್. ಕಾಲಿಡಿ."

"ತಲೆ ಕೆಟ್ಟಿದೆಯೇನೇ ಬೇವರ್ಸಿ? ನಾಳೆಯಿಂದ ಕೆಲ್ಸಕ್ಕೆ ಬಂದ್ರೆ ನೋಡು!"

"ಬರಲ್ಲ. ಕಾಲಿಡಿ. ಶುದ್ಧವಾದ ನೀರು. ಬೋರ್ಡಲ್ಲಿ ಓದಿ."

ಅಧಿಕಾರಿ ಶೀಶೆಯನ್ನು ನೆಲಕ್ಕಿಟ್ಟು ಕರ್ಚೀಫಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಇಂಜಿನಿಯರ್ ತನ್ನೆರಡೂ ಕಾಲುಗಳನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡ.