ಸೂಚಕರು: ಸುಗುಣಮ್ಮ

ಗೋಡೆ ಗಡಿಯಾರದ ದೊಡ್ಡ ಮುಳ್ಳು ಐದರ ಮೇಲೆ ಬಂದಿದೆ, ಎರಡೂ ಇಪ್ಪತ್ತೈದು, ಅದನ್ನು ಹಿಡಿದು ನಿಲ್ಲಿಸಬೇಕೋ ಮುಂದಕ್ಕೆ ದೂಡಬೇಕೋ ಸುಗುಣಮ್ಮನಿಗೆ ತಿಳಿಯದು — ಮೂರಕ್ಕೆ ಮುಗಿಯಿತು, ನಾಮಪತ್ರ ವಾಪಸು ತೆಗೆಯುವವರು, ಪಕ್ಷದ ಬಿ ಫಾರಂ ಕೊಡುವವರು ಎಲ್ಲ ಅಷ್ಟರೊಳಗೆ, ಆಮೇಲೆ ದೇವರೇ ಬಂದರೂ ಇಲ್ಲ ಎಂದು ನಾರಾಯಣಪೇಟೆ ಪುರಸಭೆಯ ಗುಮಾಸ್ತ ಬೆಳಗಿನಿಂದ ತೆಲುಗಿನಲ್ಲಿ ಒಮ್ಮೆ ಕನ್ನಡದಲ್ಲಿ ಒಮ್ಮೆ ಒದರುತ್ತಿದ್ದಾನೆ, ಒದರಲಿ, ಗೆಳತಿ ಸಂಗಮ್ಮ ಬರುತ್ತಾಳೆ, ಬಂದು ತನ್ನ ಡಮ್ಮಿ ಅರ್ಜಿ ವಾಪಸು ತಗೊಂಡು ಹೋಗುತ್ತಾಳೆ, ಅಷ್ಟೇ ತಾನೆ. ಏಳು ಸಲ ಫೋನು ಮಾಡಿದರೂ ಎತ್ತಿಲ್ಲ, ಒಲೆಯ ಮುಂದೆ ಇದ್ದಿರಬೇಕು, ಇಷ್ಟೊತ್ತಿನಲ್ಲಿ ಎಂಥ ಒಲೆ — ಡಮ್ಮಿ ಹಾಕಿಸಿದ್ದು ಯಾರು, ತಾನೇ, ಮದುವೆಗೆ ಹೋಗುವವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡ ಹಾಗೆ, ತನ್ನ ಅರ್ಜಿ ಎಲ್ಲಾದರೂ ಬಿದ್ದುಹೋದರೆ ಎರಡು ಪಕ್ಷಗಳ ಕೂಟದ ಹೆಸರಿನಲ್ಲಿ ಇನ್ನೊಬ್ಬಳು ಇರಲಿ ಎಂದು, ನೀನೇ ಹಾಕವ್ವ ಸಂಗಮ್ಮ, ನೀನಾದ್ರ ನನಗ ಚಿಂತಿಲ್ಲ, ಅಂದವಳೂ ತಾನೇ, ಸೂಚಕರು ಎಂಬಲ್ಲಿ ತೆಲುಗಿನಲ್ಲಿ ದುಂಡಗೆ ರುಜು ಹಾಕಿದವಳೂ ತಾನೇ, ನಗುನಗುತ್ತ. ಈಗ ಹೊರಗಿನ ನೋಟೀಸಿನಲ್ಲಿ ಅಂಟಿದೆ, ಅಭ್ಯರ್ಥಿ ಸಂಗಮ್ಮ, ಸೂಚಕರು ಸುಗುಣಮ್ಮ, ಓದಿದವರೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೋಗುತ್ತಿದ್ದಾರೆ. ತನ್ನ ಬುದ್ಧಿಗೆ ಮಣ್ಣು ಹಾಕ.

ಕೊಡೆ ಪಕ್ಷ, ಗಂಟೆ ಪಕ್ಷ, ಮೊದಲಿಗೆ ಎಲ್ಲಿದ್ದವು ಇವೆಲ್ಲ, ಆ ಮುಷ್ಕರದ ದಿನಗಳಲ್ಲಿ ಮಕ್ತಲ್ ರಸ್ತೆಯಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡುವಾಗ ಇದ್ದದ್ದು ಒಂದೇ, ಜೈ ತೆಲಂಗಾಣ, ಪೊಲೀಸ್ ಜೀಪು ಎದುರಿಗೆ ನಿಂತರೂ ಸಂಗಮ್ಮ ಸೌಟು ಬಿಡಲಿಲ್ಲ, ಉಂಡು ಹೋಗ್ರಿ ಸಾಹೇಬ್ರ, ನಿಮಗೂ ರಾಜ್ಯ ಬೇಕಲ್ರಿ — ತನ್ನಂಥ ನೇಕಾರರ ಗಡಿಗೆಯ ಪುಂಡಿಪಲ್ಯ ಉಂಡಳೆಂದು ಅವಳ ಅತ್ತೆ ಮೂರು ದಿನ ಮಾತು ಬಿಟ್ಟರೆ, ಛಲೋ ಆತು ಅಕ್ಕಾ, ಮೂರು ದಿನ ಬೈಗಳ ಇಲ್ಲ, ಎಂದು ರಸ್ತೆಯಲ್ಲೇ ಉರುಳಾಡಿ ನಕ್ಕವಳು. ಆಮೇಲೆ ದಿಲ್ಲಿಯಲ್ಲಿ ಬಿಲ್ಲು ಪಾಸಾಯಿತು, ಗುಲಾಲು ಹಾರಿತು, ಕೊಡೆಯವರೂ ಗಂಟೆಯವರೂ ತಬ್ಬಿಕೊಂಡು ಕೂಟ ಕಟ್ಟಿದರು, ಈ ವಾರ್ಡು ಕೊಡೆಯವರಿಗೆ, ಅಂದರೆ ತನಗೆ, ತಾನೂ ಹುರುಪಿನಿಂದ ಕೂಟದ ಎಂಟು ಹೆಣ್ಣು ಅಭ್ಯರ್ಥಿಗಳಿಗೂ ಒಂದೇ ಥರದ ಸೀರೆ ಎಂದು ಮಗ್ಗಕ್ಕೆ ಹಾಸು ಏರಿಸಿಬಿಟ್ಟಳು, ಇಲ್ಲಿ ಏರಿಸಿದರೆ ಎಂಟೂ ಒಮ್ಮೆಗೇ, ಎಂಟೂ ನೇಯ್ದೇ ಇಳಿಸಬೇಕು, ಎರಡೇ ಏರಿಸಿ ನೋಡೋಣ ಅನ್ನುವ ಪದ್ಧತಿ ನೇಕಾರರಲ್ಲಿ ಇಲ್ಲ. ಆ ನಾಯಕರಿಗೆ ಕೂಟ ಮುರಿಯಲು ಒಂದು ಊಟದ ಹೊತ್ತು ಸಾಕಾಯಿತು, ನಿನ್ನೆ ಗದ್ವಾಲದಲ್ಲಿ, ಮಕ್ತಲ್ ವಿಧಾನಸಭೆ ಸೀಟು ನಮಗೆ ಎಂದು ಇವರು, ನಮಗೆ ಎಂದು ಅವರು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ಇವತ್ತು ಬೆಳಿಗ್ಗೆ ಕೊಡೆ ಪಕ್ಷದ ಕಿಷ್ಟಪ್ಪ ಬಂದು, ಕೂಟ ಹೋತು ಸುಗುಣಮ್ಮಾರ, ನೀವ್ ಮಾತ್ರ ಹಿಂದ ಸರೀಬ್ಯಾಡ್ರಿ, ಸಂಗಮ್ಮನ ಗಂಡ ಗಂಟಿಯವ್ರ ಕಡಿಯಾಂವ, ಆಕಿನ್ನ ನಿಲ್ಲಸ್ತಾರಂತ. ನಿಲ್ಲಸಾಕ ಆಕಿ ಏನು ಕಂಬಾ ಏನ್ರೀ, ಎಂದು ಎದುರು ಕೇಳಿದಳು. ವಾರ್ಡು ಹೋದರೆ ಹೋಗಲಿ ಸಂಗಮ್ಮ ಉಳಿಯಲಿ ಎನ್ನುವಷ್ಟು ದೊಡ್ಡ ಮನಸ್ಸು ತನಗಿಲ್ಲ, ಎರಡೂ ಬೇಕು, ಕುರ್ಚಿಯೂ ಬೇಕು, ಕುರ್ಚಿ ಬಂದ ದಿನ ಪಕ್ಕದಲ್ಲಿ ನಿಂತು ಗೇಲಿ ಮಾಡಲು ಅವಳೂ ಬೇಕು. ತಾನೇ ವಾಪಸು ತೆಗೆದರೆ? ಗುಮಾಸ್ತನ ಮೇಜಿನ ಮೇಲೆ ಅದರ ಕಾಗದಗಳೂ ಇವೆ, ಒಂದು ರುಜು, ರುಜು ಹಾಕುವುದರಲ್ಲಿ ತಾನು ಶೂರಳೇ — ಯಾಕೆ ತೆಗೆಯಬೇಕು, ರಸ್ತೆಯಲ್ಲಿ ತನ್ನ ಕೈಯೂ ಸುಟ್ಟಿಲ್ಲವೆ, ನೇಕಾರರ ಕೇರಿಯಿಂದ ಇದುವರೆಗೆ ಒಬ್ಬಳಾದರೂ ಆ ಸಭೆಯಲ್ಲಿ ಕೂತಿದ್ದಾಳೆಯೆ, ಇಲ್ಲ, ತೆಗೆಯುವುದಿಲ್ಲ, ಅವಳು ಬರುತ್ತಾಳೆ, ಎರಡೂ ನಲವತ್ತು.

ಆಟೋ ಸದ್ದು. ಮೊದಲು ಇಳಿದವನು ಲಿಂಗಣ್ಣ, ಸಂಗಮ್ಮನ ಗಂಡ, ಕೈಯಲ್ಲಿ ಪ್ಲಾಸ್ಟಿಕ್ ಫೈಲು, ವಾಪಸು ತೆಗೆಯಲು ಫೈಲು ಯಾಕೆ, ಇರಬಹುದು, ವ್ಯಾಪಾರಸ್ಥ, ಎಲ್ಲಕ್ಕೂ ಫೈಲು, ಅವನ ಹಿಂದೆ ಸಂಗಮ್ಮ, ಬಂದಳಲ್ಲ, ಬಂದೇ ಬಂದಳಲ್ಲ, ಸುಗುಣಮ್ಮ ಬೆಂಚಿನಿಂದ ಎದ್ದೇಬಿಟ್ಟಳು, ಬಾರವ್ವ, ಇನ್ನಾ ಹೊತ್ತೈತಿ, ಎಷ್ಟ್ ಸಲ ಫೋನ್ ಹಚ್ಚೀನಿ, ನಿನಗೇನು ಕಿವಿ — ಲಿಂಗಣ್ಣ ನಡುವೆ ಬಂದ, ತಪ್ಪು ತಿಳೀಬ್ಯಾಡ್ರಿ ಅಕ್ಕಾರ, ಮ್ಯಾಲಿನವ್ರ ಹುಕುಂ, ನಮ್ಮ ಕೈಯಾಗ ಏನೂ ಇಲ್ಲ, ಫೈಲಿನಿಂದ ಬಿ ಫಾರಂ ಹೊರಗೆ ಬಂತು, ಗಂಟೆಯ ಗುರುತು ದೂರದಿಂದಲೇ ಕಂಡಿತು, ಅದನ್ನೇನೂ ಸುಗುಣಮ್ಮ ನೋಡುತ್ತಿಲ್ಲ, ಸಂಗಮ್ಮನ ಮುಖ ನೋಡುತ್ತಿದ್ದಾಳೆ, ಏನಾದರೂ ಅನ್ನು, ಬೈ, ಅಳು, ಹಾಳಾಗಿ ಹೋಗು ಅನ್ನು, ಸಂಗಮ್ಮನ ಬಲಗೈ ಹಿಂದೆ ಹೋಯಿತು, ಸೆರಗು ಹಿಡಿಯಿತು, ಮೆಲ್ಲಗೆ ತಲೆಯ ಮೇಲೆ ಎಳೆದುಕೊಂಡಿತು, ಭಾವನ ಮುಂದೆ ಎಳೆದುಕೊಳ್ಳುವ ಹಾಗೆ, ಗುರುತಿಲ್ಲದ ಗಂಡಸರ ಮುಂದೆ ಎಳೆದುಕೊಳ್ಳುವ ಹಾಗೆ, ತನ್ನ ಮುಂದೆ ಯಾವತ್ತೂ ಹೊದೆಯದವಳು, ಹೊದ್ದು ಹಾದುಹೋದಳು, ಗುಮಾಸ್ತ ಮುದ್ರೆ ಒತ್ತಿದ, ಗಡಿಯಾರ ಎಷ್ಟಾದರೂ ಆಗಲಿ, ಸೆರಗು, ತನ್ನನ್ನು ನೋಡಿ ತಲೆಯ ಮೇಲೆ ಸೆರಗು, ಸಂಗಮ್ಮ, ತನ್ನನ್ನು ನೋಡಿ, ಸೆರಗು —