ಮ್ಯಾಗ್ನೆಟ್ ಹಿಡಿಯದ ಪೈಪು

ನಮ್ಮ ಅಪ್ಪನ ಕಿಸೆಯಲ್ಲಿ ಸದಾ ಒಂದು ಮ್ಯಾಗ್ನೆಟ್ ಇರುತ್ತದೆ. ಪಾತ್ರೆ ಅಂಗಡಿಗೆ ಹೋದರೆ ಅಂಗಡಿಯವನ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳುವುದಿಲ್ಲ. ಮ್ಯಾಗ್ನೆಟ್ ತೆಗೆದು ಪಾತ್ರೆಗೆ ಒತ್ತಿ ನೋಡುತ್ತಾರೆ. ಅಂಟಿದರೆ ಕಳಪೆ, ಜಾರಿ ಬಿದ್ದರೆ ಒಳ್ಳೆಯ ಸ್ಟೀಲು. ಡೊಂಬಿವ್ಲಿಯಲ್ಲಿ ಹೋಟೆಲು ಇಟ್ಟ ಉಡುಪಿಯ ವಸಂತಕುಮಾರರು ಲೋಕವನ್ನು ಅಳೆಯುವುದೇ ಹೀಗೆ. ನನಗೆ ಬಂದ ಎರಡು ಗಂಡುಗಳಿಗೂ ಮ್ಯಾಗ್ನೆಟ್ ಹಿಡಿದು ನೋಡುತ್ತಿದ್ದರೇನೋ, ಅಮ್ಮ ಬಿಟ್ಟಿರಲಿಕ್ಕಿಲ್ಲ.

ಹೋಟೆಲಿನ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಪಕ್ಕ, ನನ್ನ ಕಾರು ನಿಂತಿತ್ತು. ಇಪ್ಪತ್ತು ವರ್ಷದ ಹಳೆಯ ಎಸ್ಟೀಮ್. ಯಾರೋ ರ‍್ಯಾಲಿಯಲ್ಲಿ ಉರುಳಿಸಿ, ವಿಠ್ಠಲವಾಡಿಯ ಗುಜರಿಯಲ್ಲಿ ಎಸೆದುಹೋದದ್ದು. ವಾರವಿಡೀ ಐರೋಲಿಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ನಾನು ಭಾನುವಾರ ಬಂದರೆ ಅದರ ಅಡಿಗೆ ನುಗ್ಗುತ್ತಿದ್ದೆ. ಎಂಜಿನ್ ಬಿಚ್ಚಿ ಕಟ್ಟಿದ್ದಾಯಿತು, ಸಸ್ಪೆನ್ಷನ್ ಹೊಸದಾಯಿತು, ಚಪ್ಪಟೆಯಾಗಿದ್ದ ಮಾಡು ಎದ್ದು ನಿಂತಿತು. ಈ ವರ್ಷ ಘಾಟಿನಾಚೆಯ ಮಣ್ಣುರಸ್ತೆಯ ರ‍್ಯಾಲಿಯಲ್ಲಿ ಇದನ್ನು ಓಡಿಸಿಯೇ ಸಿದ್ಧ ಎಂದು ಹಟ ಹಿಡಿದಿದ್ದೆ. ಪಕ್ಕದಲ್ಲಿ ಕೂತು ತಿರುವುಗಳನ್ನು ಓದಿ ಹೇಳಲು ಗೆಳತಿ ನಿಶಾ ಒಪ್ಪಿದ್ದಳು. ಉಳಿದದ್ದು ಒಂದೇ, ಒಳಗಿನ ಪೈಪಿನ ಪಂಜರ. ಕಾರು ಉರುಳಿದರೆ ನಮ್ಮಿಬ್ಬರ ತಲೆ ಉಳಿಸುವುದು ಅದೇ. ಅದು ಸರಿಯಿಲ್ಲದಿದ್ದರೆ ರ‍್ಯಾಲಿಯ ತಪಾಸಣೆಯವರು ಗೇಟಿನಿಂದಲೇ ವಾಪಸು ಕಳಿಸುತ್ತಾರೆ.

ಅದಕ್ಕೆ ಬೇಕಾದ ಬೆಸುಗೆಯಿಲ್ಲದ ಕಪ್ಪು ಉಕ್ಕಿನ ಪೈಪನ್ನು ಕಲ್ಯಾಣದಿಂದ ತಂದಿಟ್ಟೆ. ವೆಲ್ಡಿಂಗಿನ ಯಂಕಣ್ಣನಿಗೆ ಅಳತೆ ಕೊಟ್ಟು, ಆಫೀಸಿನ ಕೆಲಸಕ್ಕೆಂದು ಒಂದು ವಾರ ಪುಣೆಗೆ ಹೋದೆ. ತಿರುಗಿ ಬಂದಾಗ ಪಂಜರ ಕಾರಿನೊಳಗೆ ಕೂತಿತ್ತು, ಬೂದು ಬಣ್ಣವೂ ಬಳಿದಾಗಿತ್ತು. ಇಷ್ಟು ದಿನ "ಹೆಣ್ಣುಮಕ್ಕಳಿಗೆ ಇದೆಂತ ಮರುಳು" ಎನ್ನುತ್ತಿದ್ದ ಅಪ್ಪ ಗಲ್ಲಾ ಬಿಟ್ಟು ಬಂದು ನನ್ನ ಹಿಂದೆ ನಿಂತು ನಗುತ್ತಿದ್ದರು. ನಾನು ಕರಗಿಹೋದೆ.

ಮರುದಿನ ಬೆಳಿಗ್ಗೆ ಅಮ್ಮ ಕಾರಿಗೆ ಪೂಜೆ ಮಾಡಿದಳು. ನಳಿನಾಕ್ಷಿಯವರ ಪೂಜೆ ಎಂದರೆ ಒಂದು ಎಳೆಯೂ ತಪ್ಪುವಂತಿಲ್ಲ. ಕೊನೆಗೆ ಬೆನ್ನಿಗೆ ಮ್ಯಾಗ್ನೆಟ್ ಇರುವ ಪುಟ್ಟ ಗಣಪತಿಯನ್ನು ಮುಂದಿನ ಪೈಪಿಗೆ ಅಂಟಿಸಿದಳು. ಗಣಪತಿ ಜಾರಿ ಸೀಟಿಗೆ ಬಿದ್ದ. ಮತ್ತೆ ಅಂಟಿಸಿದಳು, ಮತ್ತೆ ಬಿದ್ದ. ಅಮ್ಮನ ಮುಖ ಬಿಳಿಚಿಕೊಂಡಿತು. ಅಪಶಕುನ, ಈ ವರ್ಷ ರ‍್ಯಾಲಿಯೂ ಬೇಡ ಏನೂ ಬೇಡ ಎಂದಳು.

ಅಪ್ಪ ಮಾತ್ರ ಕುಣಿಯುವುದೊಂದು ಬಾಕಿ. ತಮ್ಮ ಕಿಸೆಯ ಮ್ಯಾಗ್ನೆಟ್ಟನ್ನೂ ತೆಗೆದು ಪೈಪಿಗೆ ಹಿಡಿದು, ಅದು ಬೀಳುವುದನ್ನು ನಮಗೆಲ್ಲ ತೋರಿಸಿದರು.

"ಹಿಡಿಯುವುದಿಲ್ಲ, ನೋಡು. ಅಪ್ಪಟ ಸ್ಟೇನ್‌ಲೆಸ್. ತುಕ್ಕು ಹಿಡಿಯುವ ಪೈಪಿನ ಒಳಗೆ ನನ್ನ ಮಗಳನ್ನು ಕೂರಿಸ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ ಮಾರಾಯ್ತಿ."

ಕೇಳಿದಾಗ ಎಲ್ಲ ಹೊರಬಿತ್ತು. ನಾನು ತಂದ ಪೈಪನ್ನು ಅಪ್ಪ ಅಂಗಡಿಗೆ ವಾಪಸು ಮಾಡಿ, ಹೋಟೆಲಿಗೆ ಕೌಂಟರು ಮಾಡಿಕೊಡುವವನಿಂದ ಈ ಪೈಪು ತರಿಸಿದ್ದರು. ಕೌಂಟರಿನ ಕಾಲಿಗೆ, ಕೈತೊಳೆಯುವಲ್ಲಿನ ಕಂಬಿಗೆ ಹಾಕುವಂಥದ್ದು. ತೆಳ್ಳಗಿನದು, ಉದ್ದಕ್ಕೂ ಬೆಸುಗೆ ಇರುವಂಥದ್ದು. ಸಾಂಬಾರಿನ ಕೊಳಗ ಹೊರಲು ಅದು ಸಾಕು, ಉರುಳುವ ಕಾರಿಗೆ ಸಾಲದು. ಪೂಜೆಗೆ ಬಂದಿದ್ದ ಯಂಕಣ್ಣನನ್ನು ತಿರುಗಿ ನೋಡಿದೆ. ಸೇಠ್ರು ಹೇಳಿದ ಮ್ಯಾಲೆ ನಾ ಏನ್ ಅನ್ನಲ್ರಿ ಅಕ್ಕಾರ, ಎಂದು ಅವನು ನೆಲ ನೋಡಿದ.

ಇದನ್ನು ಪೂರ್ತಿ ಕತ್ತರಿಸಬೇಕು ಎಂದೆ. ನನ್ನ ದನಿ ಜೋರಾಗಿಯೇ ಇತ್ತು, ಮೆತ್ತಗೆ ಮಾತಾಡುವ ಜಾಯಮಾನ ನನ್ನದಲ್ಲ. ಅಪ್ಪ ಒಳಗೆ ಹೋಗಿ ಗಲ್ಲಾದಲ್ಲಿ ಕೂತರು. ಆ ಬೆನ್ನು ನೋಡಿ ನನ್ನ ಕಣ್ಣು ತುಂಬಿತು. ಆದರೂ ಗ್ರೈಂಡರಿನ ಪ್ಲಗ್ಗು ಚುಚ್ಚಿದೆ. ರ‍್ಯಾಲಿಗೆ ಉಳಿದದ್ದು ಮೂರೇ ವಾರ, ಅಳುತ್ತ ಕೂರಲು ಪುರುಸೊತ್ತು ಯಾರಿಗಿತ್ತು? ಬೆಳಗಿನ ದೋಸೆಗೆ ಬಂದ ಗಿರಾಕಿಗಳು ಆ ಸದ್ದಿಗೆ ಕಿವಿ ಮುಚ್ಚಿಕೊಂಡರು. ಒಬ್ಬರು ಮರಾಠಿಯಲ್ಲಿ ಬೈದೂ ಬೈದರು. ನಾನು ನಿಲ್ಲಿಸಲಿಲ್ಲ.

ಕೊನೆಗೆ ತಡೆಯಲಾರದೆ ಅಪ್ಪ ಹಿಂಬಾಗಿಲಿಗೆ ಬಂದು ನಿಂತರು. ಬೈಯಲೆಂದೇ ಬಂದಿದ್ದರು, ಮುಖದಲ್ಲೇ ಗೊತ್ತಾಗುತ್ತಿತ್ತು. ನಾನು ಏನೂ ವಾದಿಸಲಿಲ್ಲ. ಕತ್ತರಿಸಿದ ಒಂದು ತುಂಡನ್ನು ಕಟ್ಟೆಯ ಮೇಲಿಟ್ಟು ಸುತ್ತಿಗೆಯಿಂದ ಬಾರಿಸಿದೆ. ಅದು ಚಪಾತಿಯಂತೆ ಚಪ್ಪಟೆಯಾಯಿತು. ಕಪ್ಪು ಪೈಪಿನದೊಂದು ಮೋಟು ತುಂಡು ಅಳತೆ ನೋಡಲೆಂದು ಯಂಕಣ್ಣನ ಬಳಿ ಉಳಿದಿತ್ತು. ಅದನ್ನಿಟ್ಟು ಅದೇ ಸುತ್ತಿಗೆಯಿಂದ ಹೊಡೆದೆ. ಕೈ ಜುಮ್ಮೆಂದಿತು, ಪೈಪು ಹಾಗೇ ಇತ್ತು.

ಅಪ್ಪ ಚಪ್ಪಟೆಯಾದ ತುಂಡನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ ಕಾರಿನೊಳಗೆ, ನಾನು ಕೂರುವ ಸೀಟನ್ನು ನೋಡಿದರು.

"ಇದು ನಿನ್ನ ತಲೆ ಮೇಲೆ ಇತ್ತಲ್ಲ," ಎಂದರು.

ಆ ದಿನವೇ ಹೋಟೆಲನ್ನು ಅಮ್ಮನ ಕೈಗೆ ಬಿಟ್ಟು ಟೆಂಪೋದಲ್ಲಿ ಕಲ್ಯಾಣಕ್ಕೆ ಹೋದರು. ಅಂಗಡಿಯವನು ವಾಪಸಾದ ಪೈಪನ್ನು ಆಗಲೇ ಬೇರೆಯವರಿಗೆ ಮಾರಿದ್ದ. ಅಪ್ಪ ಅಲ್ಲಿಂದ ಮುಂಬ್ರಾ, ಅಲ್ಲಿಂದ ಇನ್ನೆಲ್ಲಿಗೋ ಅಲೆದು, ಸಂಜೆ ಕಾರ್ಖಾನೆಯ ಪ್ರಮಾಣಪತ್ರ ಸಮೇತ ಕಪ್ಪು ಪೈಪು ಹೇರಿಕೊಂಡು ಬಂದರು. ಮುಂದಿನ ಭಾನುವಾರಗಳಲ್ಲಿ ಯಂಕಣ್ಣ ಬೆಸೆಯುವಾಗ ಪೈಪಿನ ತುದಿ ಹಿಡಿದು ನಿಂತವರು ಅವರೇ. ಪ್ರತಿ ಬೆಸುಗೆ ಆರಿದ ಮೇಲೂ ಸುತ್ತಿಗೆಯಿಂದ ಕುಟ್ಟಿ ನೋಡುತ್ತಿದ್ದರು. ಸಾಕು ಸೇಠ್ರ, ನಮ್ಮ ಮನಿ ಗ್ವಾಡಿನೂ ನಾವು ಇಷ್ಟು ಬಡದು ನೋಡಂಗಿಲ್ಲ, ಎಂದು ಯಂಕಣ್ಣ ಗೊಣಗಿದ. ಕೊನೆಯ ಭಾನುವಾರ ಅಮ್ಮ ಮುಂದಿನ ಪೈಪಿಗೆ ಗಣಪತಿಯನ್ನು ಅಂಟಿಸಿದಳು. ಈ ಸಲ ಅವನು ಕೂತ.

ರ‍್ಯಾಲಿಯ ತಪಾಸಣೆಗೆ ಅಪ್ಪ ಅಮ್ಮ ಇಬ್ಬರೂ ಬಂದರು. ತಪಾಸಣೆಯವರು ಒಳಗೆ ತೂರಿಕೊಂಡು ಪೈಪಿನ ದಪ್ಪ ಅಳೆದರು, ಬೆಸುಗೆಗಳನ್ನು ಒಂದೊಂದಾಗಿ ಸವರಿದರು, ಪ್ರಮಾಣಪತ್ರ ಓದಿದರು. ನಿಶಾ ನನ್ನ ಕೈಯನ್ನು ಹಿಂಡುತ್ತಿದ್ದಳು. ಕೊನೆಗೆ ಅವರು ಪಂಜರ ಪಾಸು ಎಂದು ಬಾಗಿಲಿಗೆ ಚೀಟಿ ಅಂಟಿಸಿದರು. ಜೊತೆಗೇ ಗಣಪತಿಯನ್ನು ತೋರಿಸಿ, ಬೋಲ್ಟು ಹಾಕದ ಯಾವ ವಸ್ತುವೂ ಒಳಗಿರುವಂತಿಲ್ಲ, ತೆಗೆಯಿರಿ ಎಂದರು.

ಅಮ್ಮನ ಮುಖ ಸಪ್ಪಗಾಯಿತು. ಅಪ್ಪ ಕಾರಿನೊಳಗೆ ಬಗ್ಗಿದರು. ಗಣಪತಿ ಎಷ್ಟು ಬಿಗಿಯಾಗಿ ಕೂತಿದ್ದನೆಂದರೆ ಕೀಳಲು ಉಗುರು ಹಾಕಬೇಕಾಯಿತು. ಅವನನ್ನು ಕಣ್ಣಿಗೆ ಒತ್ತಿಕೊಂಡು, ತಮ್ಮ ಮ್ಯಾಗ್ನೆಟ್ಟಿನ ಜೊತೆ ಕಿಸೆಗೆ ಹಾಕಿಕೊಂಡು, ನಾನು ಓಟಕ್ಕೆ ಹೊರಟಾಗ ಹೆಲ್ಮೆಟ್ಟಿನ ಪಟ್ಟಿಯನ್ನು ತಾವೇ ಬಿಗಿದರು.

"ದೇವರು ನನ್ನ ಕಿಸೆಯಲ್ಲಿ ಇರ್ಲಿ," ಎಂದರು. "ನಿನ್ನ ತಲೆ ಮೇಲೆ ಪೈಪು ಉಂಟು. ಹೋಗು, ಓಡ್ಸು."